ಡಿವಿಡಿ ರೈಟರ್‌ನಿಂದ ತೆಗೆದ ಲೇಸರ್ ಡಯೋಡ್ ಬೆಳಗುತ್ತಿಲ್ಲವೇ? ಮೊದಲು ಡಯೋಡ್ ಬಿಟ್ಟು ಉಳಿದದ್ದನ್ನೆಲ್ಲ ನೋಡಿ

ಗುಜರಿಯಲ್ಲಿ ಹಳೆ ಡಿವಿಡಿ ರೈಟರ್‌ಗೆ ಈಗ ತಗಡಿನ ಬೆಲೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ ಇವು ಈಗಲೂ ಸಿಗುತ್ತವೆ. ಬಿಚ್ಚಿದರೆ ಎರಡು ಉಕ್ಕಿನ ಸರಳು, ಅವುಗಳ ಮೇಲೆ ಜಾರುವ ಪಿಕಪ್ (ಡಿಸ್ಕ್ ಓದುವ, ಬರೆಯುವ ಭಾಗ), ಆ ಪಿಕಪ್‌ನ ಬೆನ್ನಿಗೆ ಅಂಟು ಹಾಕಿ ಕೂರಿಸಿದ ಲೇಸರ್ ಡಯೋಡ್. ದೊಡ್ಡ ಡ್ರೈವ್‌ಗಳಲ್ಲಿ ಅದರ ಅಗಲ ಸಾಮಾನ್ಯವಾಗಿ 5.6 ಮಿಲಿಮೀಟರ್. ಲ್ಯಾಪ್‌ಟಾಪ್ ಡ್ರೈವ್‌ಗಳಲ್ಲಿ ಇನ್ನೂ ಚಿಕ್ಕದು. ಅದನ್ನು ಹೊರಗೆ ತೆಗೆಯುವುದು ಅಂಥ ಕಷ್ಟವೇನಲ್ಲ. ತೆಗೆದು ಜೋಡಿಸಿದ ಮೇಲೆ ಬೆಳಕು ಬರದಿದ್ದರೆ, ಅಥವಾ ಬಂದದ್ದು ಮಂಕಾಗಿದ್ದರೆ ಏನು ಮಾಡಬೇಕು ಅನ್ನುವುದು ಇಲ್ಲಿನ ವಿಷಯ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹೇಳುವುದು "ಡಯೋಡ್ ಹೋಗಿದೆ" ಅಂತ. ಇನ್ನೊಂದು ಡಯೋಡ್ ಹಾಕುತ್ತಾರೆ. ಅದೂ ಹೋಗುತ್ತದೆ. ಯಾಕೆಂದರೆ ಮೊದಲನೆಯದನ್ನು ಕೊಂದ ದೋಷ ಇನ್ನೂ ಸರ್ಕ್ಯೂಟ್‌ನಲ್ಲೇ ಕೂತಿರುತ್ತದೆ. ಅದಕ್ಕೇ ಇಲ್ಲಿ ತಪಾಸಣೆ ಹಿಂದುಮುಂದು. ಡಯೋಡ್ ಅನ್ನು ಪಕ್ಕಕ್ಕಿಟ್ಟು ಮಿಕ್ಕಿದ್ದನ್ನೆಲ್ಲ ಮೊದಲು ನೋಡುತ್ತೇವೆ.

ಕಣ್ಣಿನ ವಿಷಯ

ಡ್ರೈವ್ ಮೇಲೆ "ಕ್ಲಾಸ್ 1 ಲೇಸರ್" ಎಂಬ ಚೀಟಿ ಇರುತ್ತದೆ. ಅದು ಮುಚ್ಚಿದ ಡಬ್ಬಿಗೆ ಕೊಟ್ಟ ದರ್ಜೆ. ಹೊರಗೆ ತೆಗೆದ ರೈಟರ್ ಡಯೋಡ್ 100 ಮಿಲಿವ್ಯಾಟ್ ದಾಟಿ ಬೆಳಕು ಕೊಡಬಲ್ಲದು. 5ರಿಂದ 500 ಮಿಲಿವ್ಯಾಟ್‌ವರೆಗಿನ ಲೇಸರ್ ಕ್ಲಾಸ್ 3ಬಿ ಗುಂಪಿಗೆ ಸೇರುತ್ತದೆ. ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣಿನ ಹಿಂಪರದೆ ಸುಟ್ಟಿರುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ನಿಮ್ಮ ಲೇಸರ್‌ನ ತರಂಗಾಂತರ ಮತ್ತು ಒಡಿ ಸಂಖ್ಯೆ (ಗಾಜು ಆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಎರಡನ್ನೂ ಅಚ್ಚು ಹಾಕಿರುವ ಕನ್ನಡಕವೇ ಬೇಕು. ತಂಪು ಕನ್ನಡಕ ನಡೆಯುವುದಿಲ್ಲ. ಏನೂ ಬರೆಯದ ಬಣ್ಣದ ಪ್ಲಾಸ್ಟಿಕ್ಕೂ ನಡೆಯುವುದಿಲ್ಲ. ವಾಚು, ಉಂಗುರ, ಹೊಳೆಯುವ ಇಕ್ಕಳ ಪಕ್ಕಕ್ಕಿಡಿ. ಬೆಳಕು ಬೀಳುವ ಜಾಗ ಮಂಕಾಗಿರಲಿ, ಸುಣ್ಣ ಬಳಿಯದ ಸಿಮೆಂಟ್ ಗೋಡೆ ಒಳ್ಳೆಯದು. ಡಯೋಡ್ ಬೆಳಗುತ್ತಿದೆಯಾ ಅಂತ ಅದರ ಮೂತಿಗೆ ಬಗ್ಗಿ ನೋಡಬೇಡಿ. "ಆನ್ ಆಗೇ ಇಲ್ಲ" ಅಂದುಕೊಂಡಾಗಲಂತೂ ನೋಡಲೇಬೇಡಿ. ಯಾಕೆ ಅನ್ನುವುದು ಈಗಲೇ ಗೊತ್ತಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವ ಡಯೋಡ್?

"ಬೆಳಕು ತುಂಬಾ ಮಂದ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಸಿಡಿ ಓದುವುದು 780 ನ್ಯಾನೋಮೀಟರ್‌ನ ಇನ್‌ಫ್ರಾರೆಡ್‌ನಲ್ಲಿ. ಡಿವಿಡಿಗೆ 650ರ ಕೆಂಪು. ಬ್ಲೂ-ರೇಗೆ 405ರ ನೇರಳೆ. ಡಿವಿಡಿ ರೈಟರ್ ಸಿಡಿಯನ್ನೂ ಬರೆಯಬೇಕಲ್ಲ, ಹಾಗಾಗಿ ಅದರೊಳಗೆ ಇನ್‌ಫ್ರಾರೆಡ್ ಮತ್ತು ಕೆಂಪು ಎರಡೂ ಇರುತ್ತವೆ. ಕೆಲವದರಲ್ಲಿ ಬೇರೆ ಬೇರೆ ಡಯೋಡ್, ಕೆಲವದರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ.

780 ಇನ್‌ಫ್ರಾರೆಡ್ ಅನ್ನುತ್ತೇವೆ, ಆದರೆ ಕಣ್ಣಿಗೆ ಅದು ಪೂರ್ತಿ ಮಾಯವಲ್ಲ. ಕತ್ತಲಲ್ಲಿ ಕಡು ಕೆಂಪಾಗಿ ಮಿಣುಕಿದಂತೆ ಕಾಣುತ್ತದೆ. ನೋಡಿದವರು "ಕೆಂಪು ಬಂತು, ಆದರೆ ವೀಕು" ಅಂದುಕೊಂಡು ಕರೆಂಟ್ ಏರಿಸುತ್ತಾರೆ. ಅಲ್ಲಿ ನಿಜಕ್ಕೂ ನೂರು ಮಿಲಿವ್ಯಾಟ್ ಹೊರಬರುತ್ತಿರಬಹುದು. ಕಣ್ಣು ಅದನ್ನು ಹಿಡಿಯುವುದಿಲ್ಲ, ಅಷ್ಟೆ. ಫೋನಿನ ಕ್ಯಾಮೆರಾದಲ್ಲಿ ಗೋಡೆ ಮೇಲಿನ ಚುಕ್ಕೆ ನೋಡಿ. ಕಣ್ಣಿಗೆ ಮಂದ, ಕ್ಯಾಮೆರಾಗೆ ಬಿಳಿಯಾಗಿ ಜೋರು ಅಂದರೆ ಅದು ಇನ್‌ಫ್ರಾರೆಡ್. ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಬಲವಾಗಿರುತ್ತದೆ. ಟಿವಿ ರಿಮೋಟ್ ಒತ್ತಿ ಅದರ ಬೆಳಕು ಕಾಣುತ್ತದಾ ಅಂತ ಮೊದಲು ಪರೀಕ್ಷೆ ಮಾಡಿಕೊಳ್ಳಿ.

ಕಾಂಬೋ ಡ್ರೈವ್ ಇನ್ನೊಂದು ಮೋಸ. ಇದು ಸಿಡಿ ಬರೆಯುತ್ತದೆ, ಡಿವಿಡಿಯನ್ನು ಓದುವುದಷ್ಟೇ. ಅಂದರೆ ಶಕ್ತಿಯೆಲ್ಲ ಕಾಣದ ಇನ್‌ಫ್ರಾರೆಡ್‌ನಲ್ಲಿದೆ, ಕೆಂಪು ಡಯೋಡ್ ಬರೀ ಓದುವುದಕ್ಕೆ ಬೇಕಾದಷ್ಟು, ಕೆಲವೇ ಮಿಲಿವ್ಯಾಟ್. ಅದು ಆಟಿಕೆ ಪಾಯಿಂಟರ್‌ನಷ್ಟು ಬೆಳಗಿದರೆ ದೋಷವೇನೂ ಇಲ್ಲ, ಅದರ ಯೋಗ್ಯತೆಯೇ ಅಷ್ಟು. ಅದಕ್ಕೆ ರೈಟರ್ ಡಯೋಡ್‌ನ ಕರೆಂಟ್ ಕೊಟ್ಟರೆ ಒಂದು ಕ್ಷಣವೂ ಉಳಿಯುವುದಿಲ್ಲ. ಬಿಚ್ಚುವ ಮೊದಲೇ ಡ್ರೈವ್‌ನ ಚೀಟಿ ಓದಿ, ಅದರ ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಗುರುತು ನೋಡಿ. ಡಿವಿಡಿ ಬರೆಯುವ ಡ್ರೈವ್, ಅದರಲ್ಲೂ ಬರೆಯುವ ವೇಗ 16ಎಕ್ಸ್ ಅಥವಾ ಮೇಲಿನದು ಇದ್ದರೆ ಮಾತ್ರ ಕೆಂಪು ಡಯೋಡ್‌ಗೆ ಕೈ ಹಾಕುವುದು ಲಾಭ.

ಡ್ರೈವರ್: ಹೆಚ್ಚಿನ ಕೊಲೆಗಳು ಇಲ್ಲೇ

ಲೇಸರ್ ಡಯೋಡ್‌ಗೆ ವೋಲ್ಟೇಜ್ ಅಳೆದು ಕೊಡುವುದಲ್ಲ, ಕರೆಂಟ್ ಅಳೆದು ಕೊಡುವುದು. ಆ ಕೆಲಸ ಮಾಡುವ ಸರ್ಕ್ಯೂಟೇ ಡ್ರೈವರ್. ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವುದು ಎಲ್‌ಎಂ317 ಐಸಿ. ಅದರ ಔಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಒಂದು ರೆಸಿಸ್ಟರ್. ಐಸಿ ಆ ರೆಸಿಸ್ಟರ್ ಮೇಲೆ ಯಾವಾಗಲೂ 1.25 ವೋಲ್ಟ್ ನಿಲ್ಲಿಸುತ್ತದೆ. 1.25ನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್ ಸಿಕ್ಕಿತು. 47 ಓಮ್‌ಗೆ ಸುಮಾರು 27 ಮಿಲಿ ಆಂಪ್, 22ಕ್ಕೆ 57, 15ಕ್ಕೆ 83, 12ಕ್ಕೆ 104.

ಇದನ್ನು ಪರೀಕ್ಷಿಸಲು ಲೇಸರ್ ಡಯೋಡ್ ಬೇಡ. 1ಎನ್4007 ಡಯೋಡ್ ನಾಲ್ಕು ತೆಗೆದುಕೊಂಡು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿ, ಕೊನೆಗೆ 1 ಓಮ್ ರೆಸಿಸ್ಟರ್ ಹಾಕಿ. ನಾಲ್ಕೂ ಸೇರಿ ಹೆಚ್ಚುಕಡಿಮೆ 3 ವೋಲ್ಟ್ ಹಿಡಿಯುತ್ತವೆ, ಕೆಂಪು ಲೇಸರ್‌ನ ಹತ್ತಿರ ಹತ್ತಿರ. ನೇರಳೆಗೆ ಆರು ಡಯೋಡ್ ಹಾಕಿ. ಈಗ 1 ಓಮ್ ಮೇಲೆ ಮೀಟರ್ ಇಟ್ಟರೆ ಎಷ್ಟು ಮಿಲಿವೋಲ್ಟ್ ಬರುತ್ತದೋ ಅಷ್ಟೇ ಮಿಲಿ ಆಂಪ್ ಹರಿಯುತ್ತಿದೆ. ಈ ಹುಸಿ ಲೋಡ್ ಒಂದು ಇಲ್ಲದೆ ಈ ಹವ್ಯಾಸಕ್ಕೆ ಇಳಿಯಲೇಬಾರದು. ನನ್ನ ಮಟ್ಟಿಗೆ ಸೋಲ್ಡರಿಂಗ್ ಐರನ್‌ಗಿಂತ ಇದು ಮುಖ್ಯ.

ಲೆಕ್ಕಕ್ಕಿಂತ ಕರೆಂಟ್ ಕಡಿಮೆ ಬಂದರೆ ಮೊದಲು ಬ್ಯಾಟರಿ ನೋಡಿ. ಲೇಸರ್‌ಗೆ ಎರಡೂವರೆ ವೋಲ್ಟ್, ರೆಸಿಸ್ಟರ್‌ಗೆ 1.25, ಐಸಿ ತಾನು ನುಂಗುವುದು ಒಂದೂವರೆಯಿಂದ ಎರಡು. ಎಲ್ಲ ಕೂಡಿದರೆ ಐದೂವರೆ, ಆರು ವೋಲ್ಟ್ ಬೇಕು. ಯುಎಸ್‌ಬಿಯ 5 ವೋಲ್ಟ್‌ನಿಂದ ನಡೆಸಲು ಹೋಗಿ "ಮಂಕಾಗಿದೆ" ಅನ್ನುವವರು ಬಹಳ ಜನ. ಎರಡು ಲಿಥಿಯಂ ಸೆಲ್ ಸರಣಿಯಲ್ಲಿ ಹಾಕಿದರೆ ಕೆಂಪಿಗೆ ಸಾಕು. ನೇರಳೆ ಡಯೋಡ್ 4ರಿಂದ 5 ವೋಲ್ಟ್ ಕೇಳುತ್ತದೆ. ಅದಕ್ಕೆ ಮೂರು ಸೆಲ್ಲೇ ಬೇಕು. ಅಗ್ಗದ 9 ವೋಲ್ಟ್ ಚೌಕ ಬ್ಯಾಟರಿ ಮೀಟರ್‌ನಲ್ಲಿ 9 ತೋರಿಸಿದರೂ ನೂರು ಮಿಲಿ ಆಂಪ್ ಎಳೆದ ಕೂಡಲೇ ಕುಸಿಯುತ್ತದೆ. ಲೋಡ್ ಹಾಕಿರುವಾಗಲೇ ಅದರ ವೋಲ್ಟೇಜ್ ಅಳೆಯಿರಿ.

ಕರೆಂಟ್ ಲೆಕ್ಕಕ್ಕಿಂತ ಜಾಸ್ತಿ ಬಂದರೆ ಅಲ್ಲೇ ನಿಲ್ಲಿಸಿ. ಎಲ್‌ಎಂ317ನ ಮುಖ ನಿಮ್ಮ ಕಡೆ ಇರುವಾಗ ಎಡದಿಂದ ಬಲಕ್ಕೆ ಅಡ್ಜಸ್ಟ್, ಔಟ್, ಇನ್. 7805 (ಕಾಲುಗಳ ಕ್ರಮ ಬೇರೆ ಇರುವ ಇನ್ನೊಂದು ರೆಗ್ಯುಲೇಟರ್ ಐಸಿ) ಬಳಸಿ ರೂಢಿಯಾದವರು ಇದನ್ನು ಅದಲುಬದಲು ಮಾಡುವುದುಂಟು. ಇನ್ನೊಂದು, ಇದರ ಲೋಹದ ಬೆನ್ನು ಒಳಗೆ ಔಟ್ ಕಾಲಿಗೇ ಸೇರಿದೆ. ಐಸಿ ಮತ್ತು ಲೇಸರ್ ಎರಡನ್ನೂ ಒಂದೇ ಅಲ್ಯೂಮಿನಿಯಂ ತುಂಡಿಗೆ ಬಿಗಿದಿದ್ದೀರಿ, ಲೇಸರ್‌ನ ಡಬ್ಬಿ ಅದರ ಆನೋಡ್‌ಗೆ (ಪ್ಲಸ್ ಕಾಲಿಗೆ) ಸೇರಿದೆ ಅಂದುಕೊಳ್ಳಿ. ಕರೆಂಟ್ ರೆಸಿಸ್ಟರ್ ಅನ್ನು ಬಿಟ್ಟು ಸೀದಾ ಲೇಸರ್‌ಗೆ ನುಗ್ಗುತ್ತದೆ. ಆಗ ಅದನ್ನು ತಡೆಯುವವರು ಯಾರೂ ಇಲ್ಲ. ಡಬ್ಬಿ ಕ್ಯಾಥೋಡ್‌ಗೆ (ಮೈನಸ್ ಕಾಲಿಗೆ) ಸೇರಿದ್ದರೆ ಲೇಸರ್ ಬೆಳಗುವುದೇ ಇಲ್ಲ, ಐಸಿ ಮಾತ್ರ ಕಾದು ಕೆಂಡವಾಗುತ್ತದೆ. ನಡುವೆ ಮೈಕಾ ವಾಷರ್ ಹಾಕಿದರೆ ಎರಡೂ ತಪ್ಪಿತು.

ರೆಸಿಸ್ಟರ್ ಜಾಗದಲ್ಲಿ ಪ್ರಿಸೆಟ್ (ಓಮ್ ಬದಲಿಸಬಲ್ಲ ಪುಟ್ಟ ರೆಸಿಸ್ಟರ್) ಹಾಕಿ ತಿರುಗಿಸುವ ಚಟ ಕೆಲವರಿಗೆ. ಅದರ ಒಳಗಿನ ನಾಲಿಗೆ ಒಂದು ಕ್ಷಣ ಎದ್ದು ಮತ್ತೆ ಕೂತರೆ ಕರೆಂಟ್ ಮುಗ್ಗರಿಸಿ ಉಕ್ಕುತ್ತದೆ. ನೀವು ಮೀಟರ್‌ನಲ್ಲಿ ಅದನ್ನು ಕಾಣುವುದಿಲ್ಲ, ಲೇಸರ್‌ಗೆ ಮಾತ್ರ ಏಟು ಬೀಳುತ್ತದೆ. ಸ್ಥಿರ ರೆಸಿಸ್ಟರ್ ಬದಲಿಸುತ್ತಾ ಹೋಗುವುದೇ ಕ್ಷೇಮ.

ಈಗ ಎಲ್ಲಕ್ಕಿಂತ ಕುತಂತ್ರಿ ದೋಷ. ಡ್ರೈವರ್‌ನ ಔಟ್‌ಪುಟ್‌ನಲ್ಲಿ 47 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುತ್ತದೆ. ಲೋಡ್ ಇಲ್ಲದಾಗ ಎಲ್‌ಎಂ317ಗೆ ಹಿಡಿದಿಡಲು ಕರೆಂಟೇ ಇಲ್ಲ, ಹಾಗಾಗಿ ಔಟ್‌ಪುಟ್ ಬ್ಯಾಟರಿಯ ಹತ್ತಿರಕ್ಕೆ ಏರುತ್ತದೆ, ಕೆಪಾಸಿಟರ್ ಅಷ್ಟೂ ತುಂಬಿಕೊಳ್ಳುತ್ತದೆ. ನೀವು ಸ್ವಿಚ್ ಆಫ್ ಮಾಡಿ, ನಿಶ್ಚಿಂತೆಯಿಂದ ಲೇಸರ್ ಜೋಡಿಸುತ್ತೀರಿ. ಕೆಪಾಸಿಟರ್ ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ಲೇಸರ್‌ಗೆ ಸುರಿಯುತ್ತದೆ. ಒಂದು ಮಿಂಚು, ಆಮೇಲೆ ಮಂಕು. ಸರ್ಕ್ಯೂಟ್ ಅಳೆದರೆ ಎಲ್ಲ ಸರಿ ಇರುತ್ತದೆ! ಹೊಸ ಡಯೋಡ್ ಹಾಕಿದರೂ ಅದೇ ಕಥೆ. ಉಪಾಯ ಸುಲಭ. ಆಫ್ ಮಾಡಿದ ಮೇಲೆ ಔಟ್‌ಪುಟ್‌ನ ಎರಡು ತಂತಿಗೆ 100 ಓಮ್ ರೆಸಿಸ್ಟರ್ ತಾಗಿಸಿ ಎರಡು ಸೆಕೆಂಡ್ ಹಿಡಿಯಿರಿ, ಮೀಟರ್ ಸೊನ್ನೆ ತೋರಿಸಲಿ, ಆಮೇಲೆ ಲೇಸರ್ ಹಾಕಿ. ಸ್ವಿಚ್ ಇರಬೇಕಾದ್ದು ಬ್ಯಾಟರಿ ಮತ್ತು ಡ್ರೈವರ್ ನಡುವೆ. ಡ್ರೈವರ್ ಮತ್ತು ಲೇಸರ್ ನಡುವೆ ಸ್ವಿಚ್ ಹಾಕಿದವರು ಪ್ರತಿ ಸಲ ಒತ್ತಿದಾಗಲೂ ಇದೇ ಹೊಡೆತ ಕೊಡುತ್ತಿರುತ್ತಾರೆ.

ಸೋಲ್ಡರಿಂಗ್ ಐರನ್ ಮತ್ತು ನಿಮ್ಮ ಅಂಗಿ

ಡ್ರೈವರ್ ಸರಿಯಿದ್ದೂ ಲೇಸರ್ ಮೊದಲ ಸಲವೇ ಬೆಳಗಲಿಲ್ಲ ಅಂದರೆ ಸಂಶಯ ಇಲ್ಲಿಗೆ ಬರಬೇಕು. ನಮ್ಮಲ್ಲಿ ಮಾರುವ ಅಗ್ಗದ 25 ವ್ಯಾಟ್ ಐರನ್‌ಗಳಿಗೆ ಎರಡೇ ಪಿನ್, ಅರ್ಥ್ ಇಲ್ಲ. ಐರನ್ ಕಾದಿರುವಾಗ ಅದರ ತುದಿಗೆ ಮೇನ್ಸ್ ಟೆಸ್ಟರ್ ಇಡಿ. ನಿಯಾನ್ ಮಿಣುಕಿದರೆ ತುದಿಗೆ ಕರೆಂಟ್ ಸೋರುತ್ತಿದೆ ಅಂತ ಅರ್ಥ. ರಿಲೇ, ಬಲ್ಬು ಬೆಸೆಯುವಾಗ ಈ ಸೋರಿಕೆ ಗೊತ್ತೇ ಆಗುವುದಿಲ್ಲ. ಲೇಸರ್ ಡಯೋಡ್ ಉಲ್ಟಾ ದಿಕ್ಕಿನಲ್ಲಿ ತಡೆಯುವುದು ಸಾಮಾನ್ಯವಾಗಿ 2 ವೋಲ್ಟ್ ಮಾತ್ರ. ಮೂರು ಪಿನ್ನಿನ ಐರನ್ ಇದ್ದರೂ ಹಳೆ ಮನೆಗಳಲ್ಲಿ ಸಾಕೆಟ್‌ನ ಅರ್ಥ್ ತೂತು ಬರೀ ಶೋಭೆಗೆ ಇರುವುದುಂಟು. ಐರನ್ ಚೆನ್ನಾಗಿ ಕಾಯಲಿ, ಪ್ಲಗ್ ಕಿತ್ತು ಹಾಕಿ, ಆ ಬಿಸಿಯಲ್ಲೇ ಬೆಸೆಯಿರಿ. ಮೂರು ಕಾಲಿಗೆ ಆ ಬಿಸಿ ಧಾರಾಳ. ಒಂದು ಕಾಲಿಗೆ ಎರಡು ಮೂರು ಸೆಕೆಂಡ್ ಮೀರಬಾರದು.

ಸ್ಥಿರ ವಿದ್ಯುತ್ ಎರಡನೆಯ ಸಂಶಯಿತ. ಚಳಿಗಾಲದ ಒಣ ಗಾಳಿಯಲ್ಲಿ, ಕಲಬುರಗಿ, ಬಳ್ಳಾರಿ ಕಡೆ, ಪಾಲಿಯೆಸ್ಟರ್ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಈ ಕಾಟ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಹತ್ತಿ ಬಟ್ಟೆ ಹಾಕಿ, ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿ. ಪಿಕಪ್‌ನ ರಿಬ್ಬನ್ ಕೇಬಲ್ ಕತ್ತರಿಸುವ ಮೊದಲೇ ಡಯೋಡ್‌ನ ಮೂರೂ ಕಾಲಿಗೆ ಸೇರಿಸಿ ಒಂದೆಳೆ ತಾಮ್ರದ ತಂತಿ ಸುತ್ತಿಬಿಡಿ. ಡ್ರೈವರ್‌ನ ತಂತಿ ಬೆಸೆದು ಮುಗಿದ ಮೇಲೆ, ಕರೆಂಟ್ ಕೊಡುವ ತುಸು ಮೊದಲು ಅದನ್ನು ಬಿಚ್ಚುವುದು.

ಮೀಟರ್ ಏನು ಹೇಳುತ್ತದೆ

ಮುಳ್ಳಿನ ಮೀಟರ್ ಬೇಡವೇ ಬೇಡ. ಓಮ್ ರೇಂಜ್‌ನಲ್ಲಿ ಅದರ ಕಪ್ಪು ತಂತಿಯೇ ಪ್ಲಸ್ ಆಗಿರುತ್ತದೆ. ಒಂದರ ರೇಂಜ್‌ನಲ್ಲಿ ನೂರು ಮಿಲಿ ಆಂಪ್ ದಾಟಿ ಕೊಡಬಲ್ಲದು, ಹತ್ತು ಸಾವಿರದ ರೇಂಜ್‌ನಲ್ಲಿ 9 ವೋಲ್ಟ್ ಹಾಕುತ್ತದೆ. ಡಿಜಿಟಲ್ ಮೀಟರ್‌ನ ಡಯೋಡ್ ಗುರುತಿಗೆ ಇಡಿ. ಅದು ಕೊಡುವುದು ಸುಮಾರು ಒಂದು ಮಿಲಿ ಆಂಪ್. ಒಳ್ಳೆ ಕೆಂಪು ಡಯೋಡ್ 2 ವೋಲ್ಟ್ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಗಾಬರಿ ಬೇಡ. ಎಷ್ಟೋ ಮೀಟರ್‌ಗಳಿಗೆ ಅಷ್ಟು ವೋಲ್ಟೇಜ್ ಹಾಕುವ ತಾಕತ್ತೇ ಇಲ್ಲ. ನೇರಳೆ ಡಯೋಡ್ ಅಂತೂ ಬಹುತೇಕ ಯಾವ ಮೀಟರ್‌ಗೂ ಬಗ್ಗುವುದಿಲ್ಲ. 0.6 ಅಥವಾ 0.7 ಬಂದರೆ ನೀವು ಮುಟ್ಟಿರುವುದು ಲೇಸರ್ ಅನ್ನಲ್ಲ, ಅದೇ ಡಬ್ಬಿಯಲ್ಲಿ ಕೆಲವೊಮ್ಮೆ ಇರುವ, ಬೆಳಕನ್ನು ಅಳೆಯುವ ಫೋಟೋಡಯೋಡ್ ಅನ್ನು. ಕಾಲು ಬದಲಿಸಿ ನೋಡಿ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಮಾತ್ರ ಶಾರ್ಟ್. ತಾಮ್ರದ ತಂತಿ ಇನ್ನೂ ಸುತ್ತಿಕೊಂಡೇ ಇಲ್ಲ ತಾನೆ?

ಕೊನೆಗೆ ಬೆಳಕು

ಲೇಸರ್ ಡಯೋಡ್‌ಗೆ ಒಂದು ಹೊಸ್ತಿಲು ಇದೆ. ಅದರ ಕೆಳಗೆ ಅದು ಸುಮ್ನೆ ಒಂದು ಮಂದ ಎಲ್ಇಡಿ. ಹೊಸ್ತಿಲು ದಾಟಿದ ಕೂಡಲೇ ಬೆಳಕು ಜಿಗಿಯುತ್ತದೆ. ರೈಟರ್‌ನ ಕೆಂಪು ಡಯೋಡ್‌ಗೆ ಇದು ಸಾಮಾನ್ಯವಾಗಿ 40ರಿಂದ 80 ಮಿಲಿ ಆಂಪ್ ನಡುವೆ ಎಲ್ಲೋ. ಹಾಗಾಗಿ 22 ಓಮ್ ಹಾಕಿ ಮಂಕು ಬಂದರೆ ತೀರ್ಮಾನಕ್ಕೆ ಬರಬೇಡಿ. 15 ಹಾಕಿ ನೋಡಿ, ಆಮೇಲೆ 12. ತಪಾಸಣೆಗೆ ಅದಕ್ಕಿಂತ ಹೆಚ್ಚಿನ ಕರೆಂಟ್ ಬೇಕಾಗಿಲ್ಲ. ಓದುವುದಕ್ಕೆ ಮಾತ್ರ ಇರುವ ಡಯೋಡ್‌ಗೆ ಇಷ್ಟು ಏರಿಸಲೂಬೇಡಿ.

ಕಣ್ಣಂದಾಜು ಸಾಲದು ಅನ್ನಿಸಿದರೆ ಬಿಪಿಡಬ್ಲ್ಯೂ34 ಫೋಟೋಡಯೋಡ್ ತಂದು ಮಿಲಿ ಆಂಪ್ ಮೀಟರ್‌ಗೆ ನೇರ ಜೋಡಿಸಿ. ಬೆಳಕನ್ನು ಹರಡಿ ಬೀಳಿಸಿ, ಚುಕ್ಕೆ ಮಾಡಬೇಡಿ. ಲೇಸರ್‌ನ ಕರೆಂಟ್ ಒಂದೊಂದೇ ಮೆಟ್ಟಿಲು ಏರಿಸಿದಾಗ ಈ ಮೀಟರ್‌ನ ಅಂಕಿ ಒಂದು ಕಡೆ ಧಡಕ್ಕನೆ ಏರಬೇಕು. ಗಾರ್ಡನ್ ಲೈಟ್‌ನ ಸೋಲಾರ್ ಫಲಕ ಇದಕ್ಕೆ ಬರುವುದಿಲ್ಲ. ಅದರಲ್ಲಿ ಹಲವು ಪಟ್ಟಿಗಳು ಸರಣಿಯಲ್ಲಿವೆ, ಬೆಳಕು ಬೀಳದ ಪಟ್ಟಿ ಕರೆಂಟ್ ತಡೆಯುತ್ತದೆ.

ಉಪಕರಣ ಇಲ್ಲದೆಯೂ ಒಂದು ಗುರುತು ಇದೆ. ಗೋಡೆ ಮೇಲೆ ಬಿದ್ದ ಬೆಳಕನ್ನು ಕನ್ನಡಕ ತೆಗೆಯದೆ ನೋಡಿ. ಹೊಸ್ತಿಲು ದಾಟಿದ ಲೇಸರ್ ಬೆಳಕು ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿ ಇರುತ್ತದೆ. ನೀವು ತಲೆ ಅಲ್ಲಾಡಿಸಿದರೆ ಆ ಕಾಳುಗಳು ಹರಿದಾಡುತ್ತವೆ. ಡ್ರೈವರ್ ಸರಿಯಾಗಿ 100 ಮಿಲಿ ಆಂಪ್ ಕೊಡುತ್ತಿದ್ದು, ಡಯೋಡ್ ಮೇಲೆ ವೋಲ್ಟೇಜ್ ಎರಡು, ಎರಡೂವರೆ ಇದ್ದೂ, ಗೋಡೆ ಮೇಲೆ ಕಾಳಿಲ್ಲದ ನುಣುಪು ಕೆಂಪು ಮಾತ್ರ ಇದೆಯಾ? ಈಗ ಹೇಳಬಹುದು, ಡಯೋಡ್ ಹೋಗಿದೆ. ಒಳಗಿನ ಹರಳಿನ ಬೆಳಕು ಹೊರಡುವ ಮುಖ ಕೆಲವೇ ಮೈಕ್ರಾನ್ ಅಗಲ. ನೂರು ಮಿಲಿವ್ಯಾಟ್ ಅಷ್ಟು ಚಿಕ್ಕ ಜಾಗದಿಂದ ಹೊರಟರೆ ಅಲ್ಲಿನ ಸಾಂದ್ರತೆ ಚದರ ಸೆಂಟಿಮೀಟರಿಗೆ ಹತ್ತಾರು ಲಕ್ಷ ವ್ಯಾಟ್. ಒಂದು ಸಣ್ಣ ಹೊಡೆತಕ್ಕೆ ಆ ಮುಖ ಕರಗುತ್ತದೆ. ಕನ್ನಡಿಯಂತಿದ್ದ ಅಂಚು ಹೋದ ಮೇಲೆ ಅದು ಎಂದಿಗೂ ಎಲ್ಇಡಿಯೇ. ಸರಿಮಾಡುವ ದಾರಿ ಇಲ್ಲ.

ಬೆಳಗುತ್ತದೆ, ಆದರೂ ಏನೋ ಸರಿಯಿಲ್ಲ

ಮೊದಲು ಜೋರಾಗಿದ್ದು ನಿಮಿಷದೊಳಗೆ ಮಂಕಾದರೆ ಶಾಖ. ಡಯೋಡ್ ಬಿಸಿಯಾದಂತೆ ಹೊಸ್ತಿಲು ಮೇಲಕ್ಕೆ ಹೋಗುತ್ತದೆ, ಅದೇ ಕರೆಂಟ್‌ಗೆ ಬೆಳಕು ಕಡಿಮೆ. ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ಕವಚದಲ್ಲಿ ಬಿಗಿಯಾಗಿ ಕೂರಿಸಿ. ಆರಿದ ಮೇಲೆ ಮತ್ತೆ ಮೊದಲಿನಷ್ಟೇ ಬೆಳಗಿದರೆ ಬಚಾವ್. ಮಂಕಾದಾಗ ಕರೆಂಟ್ ಏರಿಸುವುದು ಮಾತ್ರ ಆತ್ಮಹತ್ಯೆ.

ಚುಕ್ಕೆ ಬದಲು ಪಟ್ಟಿ ಬರುತ್ತಿದ್ದರೆ ದೋಷವಲ್ಲ. ಲೆನ್ಸ್ ಇಲ್ಲದೆ ಈ ಬೆಳಕು ಹುಟ್ಟುವುದೇ ಹಾಗೆ, ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಲೆನ್ಸ್ ಹಾಕಿದರೂ ದೂರದಲ್ಲಿ ಚುಕ್ಕೆ ಅಂಡಾಕಾರವಾಗಿಯೇ ಇರುತ್ತದೆ. ಆದರೆ ಚುಕ್ಕೆಯ ಒಂದು ಪಕ್ಕಕ್ಕೆ ಬಾಲ ಇದ್ದರೆ ಡಯೋಡ್ ಸೊಟ್ಟಗೆ ಕೂತಿದೆ, ಸುತ್ತ ಮಬ್ಬು ಇದ್ದರೆ ಲೆನ್ಸ್ ಮೇಲೆ ಬೆರಳಿನ ಗುರುತು. ಲೆನ್ಸ್ ಒರೆಸಿ, ಡಯೋಡ್ ಒರೆಸಬೇಡಿ. ಗಾಜಿನ ಮುಚ್ಚಳ ಇಲ್ಲದ ಡಯೋಡ್‌ಗಳಲ್ಲಿ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಬಯಲಿಗೇ ಇರುತ್ತದೆ. ಹತ್ತಿ ತಾಗಿದರೆ ಅದು ಕಿತ್ತು ಬರುತ್ತದೆ.

405ರ ನೇರಳೆ ಚುಕ್ಕೆ ಬಿಳಿ ಕಾಗದದ ಮೇಲೆ ನೀಲಿಯಾಗಿ, ಉಬ್ಬಿ ಕಂಡರೆ ಅದು ಕಾಗದದ ಆಟ. ಕಾಗದ ಬೆಳ್ಳಗೆ ಕಾಣಲು ಹಾಕುವ ರಾಸಾಯನಿಕ ಆ ಬೆಳಕಿಗೆ ತಾನೇ ನೀಲಿಯಾಗಿ ಹೊಳೆಯುತ್ತದೆ. ಸಿಮೆಂಟ್ ಗೋಡೆಗೆ ತಿರುಗಿಸಿದರೆ ನಿಜವಾದ ಚುಕ್ಕೆ ಕಾಣುತ್ತದೆ.

ಬೆಳಕು ಅದುರುತ್ತಿದ್ದರೆ ಮೊದಲು ಬ್ಯಾಟರಿ ಡಬ್ಬಿಯ ಸ್ಪ್ರಿಂಗ್ ನೋಡಿ, ಆಮೇಲೆ ಸ್ವಿಚ್. ಐಸಿಯ ಇನ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಹಾಕಿಲ್ಲದಿದ್ದರೆ ಹಾಕಿ.

ಸತ್ತ ಡಯೋಡ್‌ಗಳನ್ನು ಬಿಸಾಡಬೇಡಿ. ಕವಚಕ್ಕೆ ಡಯೋಡ್ ಒತ್ತಿ ಕೂರಿಸುವಾಗಲೇ ಒಳ್ಳೆಯವು ಎಷ್ಟೋ ಹಾಳಾಗುತ್ತವೆ. ವೈಸ್‌ನಲ್ಲಿ ಎಷ್ಟು ಬಲ ಹಾಕಬೇಕು, ಯಾವ ಅಳತೆಯ ಟೊಳ್ಳು ಕೊಳವೆ ಹಿಂದೆ ಕೊಟ್ಟರೆ ಕಾಲು ಬಾಗುವುದಿಲ್ಲ ಅನ್ನುವುದನ್ನು ಸತ್ತದ್ದರ ಮೇಲೆ ಕಲಿತುಕೊಂಡು ಆಮೇಲೆ ಬದುಕಿರುವುದಕ್ಕೆ ಕೈ ಹಾಕಿ.